ಹಳದಿ ಮುಷ್ಟಿಯ ಕೋಳಿಮರಿ

ಅಜ್ಜಿ ಬಹಳ ವರ್ಷ ಬೇಕರಿಯೊಂದರಲ್ಲಿ ಕೇಕುಗಳ ಮೇಲೆ ಕ್ರೀಮಿನಿಂದ ಹೆಸರು ಬರೆಯುತ್ತಿದ್ದವಳು. ಹಿಂದಿನ ಚಳಿಗಾಲದಲ್ಲಿ ಲಕ್ವ ಹೊಡೆದು ಅವಳ ಬಲಗೈ ಮುಷ್ಟಿ ಕಟ್ಟಿಕೊಂಡಿತು. ಕಾಲು ಸುಧಾರಿಸಿತು, ಮಾತೂ ಮರಳಿತು. ಕೈ ಮಾತ್ರ ಮುಚ್ಚಿದ್ದು ಮುಚ್ಚಿದಂತೆಯೇ ಉಳಿಯಿತು. ವ್ಯಾಯಾಮ ಮಾಡಿಸಲು ಬರುತ್ತಿದ್ದ ಹುಡುಗಿ, "ಬಿಸಿನೀರಲ್ಲಿಟ್ಟು ಒಂದೊಂದೇ ಬೆರಳು ಬಿಡಿಸ್ಬೇಕು ಅಮ್ಮಾ" ಎಂದರೆ ಅಜ್ಜಿ ಕೈಯನ್ನು ಶಾಲಿನೊಳಗೆ ಎಳೆದುಕೊಳ್ಳುತ್ತಿದ್ದಳು. ಕೊನೆಗೆ ಆ ಹುಡುಗಿಗೆ ಇನ್ನು ಬರುವುದೇ ಬೇಡ ಎಂದುಬಿಟ್ಟಳು. ಮಗಳು ಹೇಳುವಷ್ಟು ಹೇಳಿ ಬಾಯಿ ಸೋತು ಸುಮ್ಮನಾದಳು.

ಮಗಳು ಸಿಟಿ ಬಸ್ಸಿನ ಡ್ರೈವರ್. ಈಸ್ಟರ್ ಹಬ್ಬದ ಹಿಂದಿನ ದಿನವೂ ಅವಳಿಗೆ ರಜೆ ಇರಲಿಲ್ಲ. ಶಿಶುವಿಹಾರಕ್ಕೆ ಮಾತ್ರ ರಜೆ. ಹೀಗಾಗಿ ಇನ್ನೂ ಮೂರು ತುಂಬದ ಮೊಮ್ಮಗಳು ಅಜ್ಜಿಯ ಪಾಲಿಗೆ ಬಂದಳು. ದುಂಡಗೆ, ಸಣ್ಣಗೆ ಇದ್ದು ಎತ್ತ ಬೇಕಾದರತ್ತ ಉರುಳಿಹೋಗುವ ಅವಳನ್ನು ಮನೆಯಲ್ಲಿ ಎಲ್ಲರೂ ಬಟಾಣಿ ಎಂದೇ ಕರೆಯುತ್ತಿದ್ದರು.

"ಟೀಚರ್ ಈಸ್ಟರ್ ಕಾರ್ಡ್ ಮಾಡ್ಕೊಂಡು ಬನ್ನಿ ಅಂದಿದಾರೆ ಕಣಮ್ಮ," ಎಂದಳು ಮಗಳು, ಶೂ ಹಾಕಿಕೊಳ್ಳುತ್ತಾ. "ಕೈಗೆ ಹಳದಿ ಬಣ್ಣ ಹಚ್ಚಿ ಹಾಳೆ ಮೇಲೆ ಒತ್ತಿಸು. ಒಣಗಿದ್ಮೇಲೆ ಕಣ್ಣು, ಕೊಕ್ಕು ಬರೆದ್ರೆ ಕೋಳಿಮರಿ ಆಗತ್ತೆ. ಅಷ್ಟೇ."

ಅಷ್ಟೇ ಎಂದವಳಿಗೆ ಬಟಾಣಿಯ ಕೈಗೆ ಬಣ್ಣ ಸಿಕ್ಕರೆ ಏನಾಗುತ್ತದೆಂದು ಗೊತ್ತಿರಲಿಲ್ಲವೆಂದೇನಲ್ಲ. ಬಸ್ಸಿಗೆ ತಡವಾಯಿತೆಂದು ಜಾಣತನದಿಂದ ಜಾರಿಕೊಂಡಳು.

ಅಜ್ಜಿ ಊಟದ ಮೇಜಿನ ಮೇಲೆ ಹಳೆಯ ಪೇಪರು ಹಾಸಿ, ತಟ್ಟೆಯಲ್ಲಿ ಬಣ್ಣ ಕಲಸಿದಳು. ಬಟಾಣಿ ಅಂಗೈಯನ್ನು ಬಣ್ಣದಲ್ಲಿ ಅದ್ದಿ, ಹಾಳೆಗೆ ಒತ್ತಿ, ಮೂಗಿಗೂ ಒರೆಸಿಕೊಂಡಳು. ಹಾಳೆಯ ಮೇಲೆ ಐದು ಗರಿಗಳ ಪುಟ್ಟ ಮರಿ ಮೂಡಿತು.

"ಈಗ ಅಜ್ಜೀದು."

ಅಜ್ಜಿ ಎಡಗೈ ಚಾಚಿದಳು.

"ಇದಲ್ಲ. ಆ ಕೈ."

"ಅದಕ್ಕೆ ಆಗಲ್ಲ ಕಣೇ ಪುಟ್ಟಾ. ಅದು ಬಿಚ್ಚಲ್ಲ."

ಬಟಾಣಿ ಶಾಲು ಸರಿಸಿ ಮುಷ್ಟಿಯನ್ನು ನೋಡಿದಳು. ಅವಳ ಮುಖದಲ್ಲಿ ಅಯ್ಯೋ ಪಾಪ ಎನ್ನುವಂಥದ್ದೇನೂ ಇರಲಿಲ್ಲ. "ಬಿಚ್ಚೋದು ಬೇಡ," ಎಂದು ಎರಡೂ ಕೈಗಳಿಂದ ಅದನ್ನು ಹಿಡಿದೆತ್ತಿ, ಬಣ್ಣದ ತಟ್ಟೆಯೊಳಗೆ ಇಟ್ಟೇಬಿಟ್ಟಳು.

ಅಜ್ಜಿಗೆ ಬೈಯಬೇಕೆನಿಸಿತು. ಆದರೆ ಅಷ್ಟು ತಿಂಗಳುಗಳಲ್ಲಿ ಆ ಕೈಯನ್ನು ಯಾರೂ ಹೀಗೆ, ಉಳಿದ ಕೈಗಳಂತೆಯೇ, ಹಿಡಿದಿರಲಿಲ್ಲ. ಅವಳೇ ಹಾಳೆಯ ಮೇಲೆ ಮುಷ್ಟಿ ಒತ್ತಿದಳು. ಎತ್ತಿ ನೋಡಿದರೆ ಗುಂಡಗಿನ, ಕೊಬ್ಬಿದ ಮರಿಯೊಂದು ಕುಳಿತಿತ್ತು.

"ದಪ್ಪ ಮರಿ!" ಬಟಾಣಿ ಕೇಕೆ ಹಾಕಿದಳು.

ಅಜ್ಜಿ ಎಡಗೈಯಿಂದ ಕೊಕ್ಕು ಬರೆದಳು. ಅದು ಸೊಟ್ಟಗಾಯಿತು.

"ಅಜ್ಜೀ, ಇದಕ್ಕೆ ಕೋಪ ಬಂದಿದೆ."

"ಹೂಂ. ಯಾರ ಜೊತೆನೋ ಜಗಳ ಆಡ್ಕೊಂಡು ಬಂದಿದೆ," ಎಂದ ಅಜ್ಜಿಗೆ ತನ್ನ ಮಾತಿಗೆ ತಾನೇ ನಗು ತಡೆಯಲಾಗಲಿಲ್ಲ.

ಬಣ್ಣ ತೊಳೆಯಲು ಬಚ್ಚಲಿನಲ್ಲಿ ಬೋಗುಣಿ ತುಂಬ ಬಿಸಿನೀರಿಟ್ಟು ಇಬ್ಬರೂ ಕೂತರು. ಅಜ್ಜಿಯ ಬೆರಳುಗಳ ಸಂದಿಯಲ್ಲೆಲ್ಲ ಹಳದಿ ಸೇರಿಕೊಂಡಿತ್ತು. ಬಟಾಣಿ ಸೋಪು ಹಚ್ಚಿ, ತೋರುಬೆರಳನ್ನು ಹಿಡಿದು ಮೆಲ್ಲಗೆ ಎಳೆದಳು.

"ಇದು ನಿದ್ದೆ ಮಾಡ್ತಿದೆ. ಏಳೇ."

ನೋವು ಮೊಳಕೈವರೆಗೂ ಹರಿಯಿತು. ಅಜ್ಜಿ ಹಲ್ಲು ಕಚ್ಚಿದಳು, ಆದರೆ ಕೈ ಹಿಂದಕ್ಕೆಳೆದುಕೊಳ್ಳಲಿಲ್ಲ. ಬೆರಳು ತುಸು ಸಡಿಲವಾಯಿತು. ಆಮೇಲೆ ನಡುಬೆರಳು. ಉಂಗುರದ ಬೆರಳು ಜಪ್ಪಯ್ಯ ಎನ್ನಲಿಲ್ಲ.

"ಇದು ಸೋಮಾರಿ," ಎಂದಳು ಬಟಾಣಿ.

"ನಾಳೆ ಎಬ್ಬಿಸೋಣ ಬಿಡು."

ಸಂಜೆ ಮಗಳು ಬಂದಾಗ ಬಚ್ಚಲಿನ ಗೋಡೆಯೆಲ್ಲ ಹಳದಿ, ಮಗುವಿನ ಕೂದಲೂ ಹಳದಿ. ಅವಳು ಸೊಂಟದ ಮೇಲೆ ಕೈಯಿಟ್ಟು ಏನೋ ಹೇಳಹೊರಟವಳು, ತಾಯಿ ಶಾಲಿಲ್ಲದೆ ಕುಳಿತಿದ್ದನ್ನು ಕಂಡು ಕೈ ಕೆಳಗಿಳಿಸಿದಳು.

"ಆ ಹುಡುಗೀಗೆ ಫೋನ್ ಮಾಡ್ತೀಯೇನೇ?" ಎಂದು ಅಜ್ಜಿ ಕೇಳಿದಳು. "ವ್ಯಾಯಾಮದವಳಿಗೆ. ಬಾ ಅಂತ ಹೇಳು. ಬೇಜಾರು ಮಾಡ್ಕೊಂಡಿದ್ರೆ ನಾನೇ ಮಾತಾಡ್ತೀನಿ."

ಮಗಳು ಮುಖ ತಿರುಗಿಸಿ, ಕಣ್ಣೊರೆಸಿಕೊಂಡು, ಫೋನು ಹುಡುಕಲು ಒಳಗೆ ಹೋದಳು.