ಖಾಲಿ ಖಾನೆ

"ವಿಷಯ: ಧನಸಹಾಯ ಕೋರಿ ಮನವಿ" ಎಂದು ಗಟ್ಟಿಯಾಗಿ ಓದಿದ ತಂಗಿಯ ಮಗಳು ಫೋನನ್ನು ಮೇಜಿನ ಮೇಲೆ ಮಗುಚಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಯಾಕೆ, ಏನು ತಪ್ಪಾಗಿದೆ ಅದರಲ್ಲಿ?" ಎಂದರು ಟೈಪಿಂಗ್ ಮೇಡಂ.

"ದೊಡ್ಡಮ್ಮ, ಇದು ಅರ್ಜಿ ಅಲ್ಲ, ನೆಟ್ಟಲ್ಲಿ ಚಂದಾ ಎತ್ತೋ ಪೇಜು. ಜನ ಬೆರಳಲ್ಲಿ ಹೀಗೆ ತಳ್ತಾ ತಳ್ತಾ ಹೋಗ್ತಿರ್ತಾರೆ. ಅವರನ್ನ ಎರಡು ನಿಮಿಷ ನಿಲ್ಲಿಸ್ಬೇಕು. 'ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ' ಅಂದ್ರೆ ಯಾರು ನಿಲ್ತಾರೆ, ಹೇಳಿ? ಅದಿರ್ಲಿ, ಒಂದೇ ಪೇಜನ್ನ ಮೂರು ಸಲ ಯಾಕೆ ಹಾಕಿದೀರಿ?"

"ಒಂದು ಅಸಲು, ಎರಡು ನಕಲು."

ತಂಗಿಯ ಮಗಳಿಗೆ ಈ ಸಲ ನಗುವುದಕ್ಕೂ ಉಸಿರಿರಲಿಲ್ಲ. ಅವಳು ಪಾರ್ಸೆಲ್ ಕಚೇರಿಯೊಂದರಲ್ಲಿ ಮೇಲ್ವಿಚಾರಕಿ. ದಿನಕ್ಕೆ ನೂರು ಜನರ ಜೊತೆ ಜಗಳವಾಡಿ ನೂರು ಜನರನ್ನೂ ಸಮಾಧಾನ ಮಾಡಿ ಕಳಿಸುವವಳು. ಎರಡು ನಕಲುಗಳನ್ನು ಅಳಿಸಿ ಹಾಕಿ, ಅಸಲನ್ನು ತೆರೆದುಕೊಂಡು ಕೂತಳು. ಮೂವತ್ತನಾಲ್ಕು ವರ್ಷ ಟೈಪಿಂಗ್ ಶಾಲೆಯಲ್ಲಿ ಪಾಠ ಹೇಳಿದ ಮೇಡಂ ಪಕ್ಕದ ಸ್ಟೂಲಿನಲ್ಲಿ, ಪರೀಕ್ಷೆಗೆ ಬಂದ ವಿದ್ಯಾರ್ಥಿನಿಯ ಹಾಗೆ ಕೈಕಟ್ಟಿ ಕೂತರು.

ಅವರು ಕೂತಿದ್ದದ್ದು ಕಣ್ಣಾಸ್ಪತ್ರೆಯ ಹಿಂಬದಿಯ ಒಂದು ಕೋಣೆಯಲ್ಲಿ. ಸತ್ತವರ, ನಂಬರ್ ಬದಲಾದವರ ಹಳೆಯ ಕನ್ನಡಕಗಳು ಎಲ್ಲೆಲ್ಲಿಂದಲೋ ಅಲ್ಲಿಗೆ ಬರುತ್ತಿದ್ದವು. ಅವನ್ನು ತೊಳೆದು, ಒರೆಸಿ, ಸ್ಕ್ರೂ ಬಿಗಿ ಮಾಡಿ, ಕೊಳ್ಳಲಾರದವರಿಗೆ ಪುಕ್ಕಟೆಯಾಗಿ ಕೊಡುವುದು ಆ ಕೋಣೆಯ ಕೆಲಸ. ಗೋಡೆಯುದ್ದಕ್ಕೂ ಐವತ್ತೆರಡು ಮರದ ಟ್ರೇಗಳು, ಒಂದೊಂದರಲ್ಲಿ ಇಪ್ಪತ್ತನಾಲ್ಕು ಖಾನೆ, ಒಂದೊಂದು ಖಾನೆಯಲ್ಲಿ ಮೇಡಂ ಟೈಪ್ ಮಾಡಿದ ಚೀಟಿ. ಚೀಟಿಯಲ್ಲಿ ಕನ್ನಡಕ ಬಂದ ತಾರೀಖು, ಗುರುತು, ಅಷ್ಟೇ. ಪವರ್ ಬರೆಯುವಂತಿರಲಿಲ್ಲ. ಅದು ಗಾಜಜ್ಜನ ಕಟ್ಟಪ್ಪಣೆ.

ನಲವತ್ತು ವರ್ಷ ಕನ್ನಡಕದ ಗಾಜು ಉಜ್ಜಿ ಆ ಹೆಸರು ಪಡೆದಿದ್ದ ಅಜ್ಜ, ಪ್ರತಿಯೊಂದು ಕನ್ನಡಕವನ್ನೂ ಕೊಡುವ ಗಳಿಗೆಯಲ್ಲಿ, ಹಾಕಿಕೊಳ್ಳುವವರ ಎದುರಿಗೇ ಯಂತ್ರದಲ್ಲಿಟ್ಟು ಅಳೆಯುತ್ತಿದ್ದ. ಈಗ ಆ ಯಂತ್ರವೇ ಕೈಕೊಟ್ಟಿತ್ತು. ರಿಪೇರಿಯವನು ಬಂದು ನೋಡಿ, ಇದಕ್ಕೆ ಬಿಡಿಭಾಗ ಸಿಗುವ ಕಾಲ ಹೋಯಿತೆಂದು ಕೈ ಚೆಲ್ಲಿದ್ದ. ಹಿಂದೆ ಅಜ್ಜ ಯಂತ್ರವಿಲ್ಲದೆ, ಗಾಜನ್ನು ಅತ್ತಿತ್ತ ಆಡಿಸಿ ನೋಡಿಯೇ ಪವರ್ ಹೇಳುತ್ತಿದ್ದನಂತೆ. ಈಗ ಅವನ ಕಣ್ಣಿಗೇ ಮಂಜು ಕವಿದಿತ್ತು. "ಅಂದಾಜಿನ ಮೇಲೆ ಕಣ್ಣು ಕೊಡಕ್ಕಾಗಲ್ಲ" ಎಂದು ಬಂದವರನ್ನೆಲ್ಲ ವಾಪಸು ಕಳಿಸುತ್ತಿದ್ದ. ಎರಡು ತಿಂಗಳು ನೋಡುತ್ತೇವೆ, ಆಮೇಲೆ ಕೋಣೆ ನಮಗೆ ಬೇಕು, ಔಷಧಿ ಪೆಟ್ಟಿಗೆ ಇಡಲು ಜಾಗವಿಲ್ಲ ಎಂದು ಆಸ್ಪತ್ರೆಯವರು ಮರ್ಯಾದೆಯಿಂದಲೇ ಹೇಳಿದ್ದರು.

ಕೋಣೆ ಹೋದರೆ ತಾವೆಲ್ಲಿಗೆ ಹೋಗುವುದೆಂದು ಮೇಡಂಗೆ ಹೊಳೆದಿರಲಿಲ್ಲ. ನಾಲ್ಕು ವರ್ಷದ ಹಿಂದೆ ಗಂಡ ತೀರಿಕೊಂಡ ವಾರವೇ, ಮೇಜಿನ ಮೇಲಿಂದ ತಮ್ಮನ್ನೇ ನೋಡುತ್ತಿದ್ದ ಆತನ ಕನ್ನಡಕವನ್ನು ತಡೆಯಲಾರದೆ ತಂದು ಇಲ್ಲಿ ಕೊಟ್ಟಿದ್ದರು. ದಪ್ಪ ಕಪ್ಪು ಫ್ರೇಮು, ಎಡಗಡೆ ಹಳೆಯ ಗಡಿಯಾರದಿಂದ ಕಿತ್ತು ಹಾಕಿದ ಹಿತ್ತಾಳೆಯ ಸ್ಕ್ರೂ. ತಿಂಗಳು ಕಳೆದ ಮೇಲೆ ಎದೆ ಹೊಡೆದುಕೊಂಡು ವಾಪಸು ಕೇಳಲು ಬಂದರೆ, ಅಂದು ಅಜ್ಜ ಅದನ್ನಿಟ್ಟಿದ್ದ ಹತ್ತೊಂಬತ್ತನೇ ಟ್ರೇಯ ಕೊನೆಯ ಖಾನೆ ಖಾಲಿಯಾಗಿತ್ತು. ಯಾರಿಗೆ ಹೋಯಿತೆಂದು ಬರೆದಿಡುವ ಪದ್ಧತಿ ಇರಲಿಲ್ಲ. ಕೇಳಲು ಬಂದದ್ದನ್ನು ಕೇಳದೆ, "ಚೀಟಿ ಟೈಪ್ ಮಾಡಿ ಕೊಡ್ಲಾ?" ಎಂದು ಕೇಳಿ ಅಲ್ಲೇ ಉಳಿದುಬಿಟ್ಟರು. ಅಂದಿನಿಂದ ಬಸ್‌ಸ್ಟಾಪಿನಲ್ಲಿ, ಅಂಗಡಿ ಮುಂದೆ, ಕನ್ನಡಕ ಹಾಕಿದ ಗಂಡಸರು ಕಂಡರೆ ಅವರ ಎಡಗಿವಿಯ ಕಡೆಗೇ ಕಣ್ಣು ಹೋಗುತ್ತಿತ್ತು. ಇದು ಅಜ್ಜನಿಗೂ ಗೊತ್ತಿಲ್ಲ, ತಂಗಿಯ ಮಗಳಿಗೂ ಗೊತ್ತಿಲ್ಲ.

"ಈಗ ಫೋಟೋ" ಎಂದಳು ತಂಗಿಯ ಮಗಳು. "ಕನ್ನಡಕ ಹಾಕ್ಕೊಂಡು ನಗ್ತಿರೋ ಒಬ್ಬ ಅಜ್ಜಿ ಇದ್ರೆ ಸಾಕು. ಮುಖ ಇಲ್ದಿದ್ರೆ ಯಾರೂ ಒಂದು ಕಾಸು ಬಿಚ್ಚಲ್ಲ."

"ಮುಖ ತೆಗೆಯೋ ಹಾಗಿಲ್ಲ" ಎಂದ ಅಜ್ಜ, ಮೂಲೆಯಿಂದ. "ಮೊದಲ ಸಲ ಸರಿಯಾಗಿ ಕಂಡಾಗ ಮನುಷ್ಯರ ಮುಖ ಹೇಗಾಗತ್ತೆ ಗೊತ್ತೇನಮ್ಮ? ಅದು ಅವರ ಸ್ವಂತದ್ದು. ತೋರಿಸಿ ದುಡ್ಡು ಎತ್ತೋಕಲ್ಲ."

"ಹಾಗಾದ್ರೆ ಟ್ರೇದೇ ಒಂದು ಫೋಟೋ ಹಾಕಿ. ನಾನು ಹೊರಟೆ, ಡ್ಯೂಟಿಗೆ ಹೊತ್ತಾಯ್ತು."

ಒಂದು ಫೋಟೋ ಎಂದು ಅವಳು ಹೇಳಿದ್ದು ನಿಜ. ಆದರೆ ಐವತ್ತೆರಡರಲ್ಲಿ ಒಂದನ್ನು ಮಾತ್ರ ತೋರಿಸಿದರೆ ಉಳಿದ ಐವತ್ತೊಂದರ ಗತಿಯೇನು? ಪಟ್ಟಿ ಅಂದಮೇಲೆ ಪೂರ್ತಿ ಇರಬೇಕೆಂದು ಜೀವಮಾನವಿಡೀ ಮಕ್ಕಳ ಬೆರಳಿಗೆ ಸ್ಕೇಲಿನಲ್ಲಿ ತಟ್ಟಿ ಕಲಿಸಿದವರು ಮೇಡಂ. ನಾಲ್ಕು ದಿನ, ಮಧ್ಯಾಹ್ನದ ಬೆಳಕಿನಲ್ಲಿ, ಸ್ಟೂಲಿನ ಮೇಲೆ ನಿಂತು ಒಂದೊಂದೇ ಟ್ರೇಯ ಫೋಟೋವನ್ನು ನೆತ್ತಿಯ ಮೇಲಿನಿಂದ ತೆಗೆದರು. ಸಾಲು ಸೊಟ್ಟಗಿದ್ದರೆ ಇಳಿದು ಸರಿಮಾಡಿ ಮತ್ತೆ ಹತ್ತಿದರು. ಅಜ್ಜ ಸ್ಟೂಲು ಹಿಡಿದುಕೊಂಡು, "ಬಿದ್ದು ಸೊಂಟ ಮುರ್ಕೊಂಡ್ರೆ ಅದಕ್ಕೊಂದು ಪೇಜು ಮಾಡ್ಬೇಕಾಗತ್ತೆ" ಎಂದು ಗೊಣಗಿದ. ಖಾಲಿ ಖಾನೆಗಳನ್ನೂ ಮೇಡಂ ಬಿಡಲಿಲ್ಲ. ಹತ್ತೊಂಬತ್ತನೆಯದನ್ನು ಮಾತ್ರ ಒಂದೇ ಸಲಕ್ಕೆ ತೆಗೆದು ಬೇಗ ಒಳಗೆ ತಳ್ಳಿದರು.

"ಐವತ್ತೆರಡು ಫೋಟೋನಾ!" ರಾತ್ರಿ ಫೋನಿನಲ್ಲಿ ತಂಗಿಯ ಮಗಳು ಹಣೆ ಚಚ್ಚಿಕೊಂಡದ್ದು ಇಲ್ಲಿಗೇ ಕೇಳಿಸಿತು. "ಹಳೇ ಕನ್ನಡಕದ ಐವತ್ತೆರಡು ಫೋಟೋ ಯಾರು ಕೂತು ನೋಡ್ತಾರೆ ದೊಡ್ಡಮ್ಮ?"

ಅವಳೆಂದಂತೆಯೇ ಆಯಿತು. ಒಂಬತ್ತು ದಿನಕ್ಕೆ ಕೊಟ್ಟವರು ಮೂವರು: ತಂಗಿಯ ಮಗಳು, ಅವಳ ಗಂಡ, ಮತ್ತು ಕೈತಪ್ಪಿ ಒತ್ತಿರಬಹುದಾದ ಒಬ್ಬ ಅಪರಿಚಿತ. ಮೂವರಿಗೂ ಮೇಡಂ "ತಮ್ಮ ಉದಾರ ದೇಣಿಗೆಯನ್ನು ಸ್ವೀಕರಿಸಿದ್ದೇವೆ" ಎಂದು ಕ್ರಮಸಂಖ್ಯೆ ಸಹಿತ ಉತ್ತರ ಬರೆದರು. ಆಸ್ಪತ್ರೆಯ ಜವಾನ ಬಂದು ಟೇಪಿನಲ್ಲಿ ಕೋಣೆಯ ಉದ್ದಗಲ ಅಳೆದುಕೊಂಡು ಹೋದ. ಅಜ್ಜ ಅವನಿಗೆ ಟೇಪಿನ ಇನ್ನೊಂದು ತುದಿ ಹಿಡಿದುಕೊಟ್ಟ.

ಹತ್ತನೇ ದಿನ ಒಂದು ಸಂದೇಶ ಬಂತು.

"ಟ್ರೇ ಮೂವತ್ತೊಂದು, ಎರಡನೇ ಸಾಲು, ಐದನೆಯದು. ಎಡಗಡೆಯ ಕಡ್ಡಿಗೆ ಹಸಿರು ದಾರ ಸುತ್ತಿದೆ. ಅದು ನಮ್ಮಮ್ಮನದು. ಅಪ್ಪನದೂ ಅಂಥದೇ ಇತ್ತು, ಅದಲುಬದಲಾಗಬಾರದೆಂದು ಸುತ್ತಿಕೊಂಡಿದ್ದಳು. ಅಮ್ಮ ಹೋಗಿ ಆರು ವರ್ಷ. ವಾಪಸು ಬೇಡ. ಯಂತ್ರ ಬಂದಮೇಲೆ ಯಾರಿಗಾದರೂ ಕೊಡಿ. ಕೊಟ್ಟ ದಿನ ಒಂದು ಮಾತು ತಿಳಿಸಿ."

ಮೇಡಂ ಎದ್ದು ಮೂವತ್ತೊಂದನೇ ಟ್ರೇ ಎಳೆದರು. ಹಸಿರು ದಾರ ಇತ್ತು. ಅದರ ಚೀಟಿಯನ್ನು ಟೈಪ್ ಮಾಡಿದ್ದು ತಾವೇ: 'ಕಂದು ಫ್ರೇಮು, ಎಡಕಡ್ಡಿಗೆ ದಾರ.' ಎಷ್ಟು ಸಲ ಮುಟ್ಟಿದ್ದರೋ.  ಫೋನಿನಲ್ಲಿ ತಂಗಿಯ ಮಗಳಿಗೆ ಸಂದೇಶ ಓದಿ ಹೇಳಿದರು. ಅವಳು, "ಅವರನ್ನ ಒಂದು ಮಾತು ಕೇಳಿ, ಒಪ್ಪಿದ್ರೆ ಇದನ್ನೇ ಪೇಜಿನ ತಲೆ ಮೇಲೆ ಹಾಕಿ. ನಿಮ್ಮ 'ಮಾನ್ಯರೇ' ತೆಗೀರಿ ದೊಡ್ಡಮ್ಮ, ಕೈ ಮುಗೀತೀನಿ" ಎಂದಳು.

ಅವರು ಒಪ್ಪಿದರು. ಮೇಡಂ 'ಮಾನ್ಯರೇ' ತೆಗೆದರು.

ಆಮೇಲೆ ನಡೆದದ್ದನ್ನು ಎಷ್ಟು ದಿನ ಕಳೆದರೂ ಅವರಿಗೆ ನಂಬಲಾಗಲಿಲ್ಲ. ಎಲ್ಲೆಲ್ಲಿಯೋ ಕೂತ ಜನ ಒಂದೊಂದೇ ಟ್ರೇಯನ್ನು ದೊಡ್ಡದು ಮಾಡಿಕೊಂಡು, ಖಾನೆ ಖಾನೆ ಹುಡುಕತೊಡಗಿದ್ದರು. "ಏಳನೇ ಟ್ರೇ, ಮೇಲಿನ ಸಾಲಿನ ಮೂರನೆಯದರ ಕಡ್ಡಿಯ ತುದಿ ನೋಡಿ, ಹಲ್ಲಿನ ಗುರುತಿದೆ. ಅಪ್ಪ ಪದಬಂಧ ಬಿಡಿಸುವಾಗ ಕಚ್ಚುತ್ತಿದ್ದರು." ಮೇಡಂ ಓಡಿ ನೋಡಿದರೆ ಹಲ್ಲಿನ ಗುರುತು! "ನಲವತ್ತನೆಯದರಲ್ಲಿ ಮೂಗಿನ ಮೇಲೆ ಬ್ಯಾಂಡೇಜ್ ಸುತ್ತಿದ್ದು ನಮ್ಮಕ್ಕನದು. ಮೂಗು ಉರಿಯುತ್ತದೆ ಎನ್ನುತ್ತಿದ್ದಳು." ಒಬ್ಬರಂತೂ ಹೀಗೆ ಬರೆದಿದ್ದರು: "ಐವತ್ತೆರಡೂ ನೋಡಿದೆ. ಎರಡು ಸಲ ನೋಡಿದೆ. ನನ್ನ ತಮ್ಮನದು ಇಲ್ಲಿಲ್ಲ. ಆದರೂ ಕಳಿಸಿದ್ದೇನೆ."

ಬಂದ ಒಂದೊಂದನ್ನೂ ಮೇಡಂ ಅಜ್ಜನಿಗೆ ಓದಿ ಹೇಳುತ್ತಿದ್ದರು.  ಆ ವಾರದಿಂದ ಅಜ್ಜ ಟ್ರೇ ಮುಟ್ಟುವ ಮುಂಚೆ ಕೈ ತೊಳೆದುಕೊಂಡು ಬರತೊಡಗಿದ. ಒಂದು ಮಧ್ಯಾಹ್ನ ಜವಾನ ಪೆಟ್ಟಿಗೆಗಳ ಲೆಕ್ಕ ಹಿಡಿದು ಬಂದವನು, ಬಾಗಿಲಲ್ಲೇ ನಿಂತು ಓದುವುದನ್ನು ಕೇಳಿ, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು ಸದ್ದಿಲ್ಲದೆ ಕೂತ. ಅವನಿಗೆ ಹಾಗೆ ಮಾಡೆಂದು ಯಾರೂ ಹೇಳಿರಲಿಲ್ಲ. ಸಾಲುಗಟ್ಟಿದ ಆ ಗಾಜುಗಳನ್ನು ನೋಡುತ್ತ ಮೇಡಂಗೆ ಒಮ್ಮೆಲೇ ಭಯದಂಥದೊಂದು ಬೆರಗು ಹುಟ್ಟಿತು. ಸಾವಿರಕ್ಕೂ ಮೇಲ್ಪಟ್ಟ ಜನ ಈ ಕೋಣೆಯಲ್ಲಿದ್ದರು, ನಾಲ್ಕು ವರ್ಷದಿಂದ ತಾವು ಅವರ ನಡುವೆ ಕೂತು ಚೀಟಿ ಟೈಪ್ ಮಾಡಿದ್ದರು.

ಬೇಕಾದಷ್ಟು ದುಡ್ಡು ಕೂಡಿ, ಗಡುವಿಗೆ ಇನ್ನೂ ಹನ್ನೊಂದು ದಿನವಿರುವಾಗ ಹೊಸ ಯಂತ್ರ ಬಂತು. ಅದರ ಹಿಂದೆಯೇ, ಆಸ್ಪತ್ರೆಯ ಚೀಟಿ ಹಿಡಿದು, ದರ್ಜಿ ಅಂಗಡಿಯಲ್ಲಿ ಗುಂಡಿ ಹೊಲಿಯುವ ಹೆಂಗಸೊಬ್ಬಳು ಬಂದಳು. ಎರಡು ವರ್ಷದಿಂದ ಸೂಜಿಗೆ ದಾರ ಪೋಣಿಸಲು ಪಕ್ಕದವರನ್ನು ಕೇಳಿಕೊಳ್ಳುತ್ತಿದ್ದಾಳಂತೆ. ಈಗ ಪಕ್ಕದವರಿಗೂ ಬೇಜಾರು, ಮಾಲೀಕನಿಗೂ ಬೇಜಾರು. ಅಜ್ಜ ಒಂದೊಂದನ್ನೇ ಯಂತ್ರದಲ್ಲಿಟ್ಟು ನೋಡುತ್ತ, ನಂಬರ್ ಸರಿಯಿಲ್ಲದ್ದನ್ನು ಪಕ್ಕಕ್ಕಿಡುತ್ತ ಬಂದ. ಹದಿನಾರನೆಯದನ್ನು ಅವಳ ಕೈಗೆ ಕೊಟ್ಟ. ಕಂದು ಫ್ರೇಮು, ಹಸಿರು ದಾರ.

ಅವಳು ಹಾಕಿಕೊಂಡು ಮೊದಲು ಪಕ್ಕದಲ್ಲೇ ಇದ್ದ ಗೋಡೆ ನೋಡಿದಳು. "ಅಯ್ಯೋ, ಇರುವೆ ಹೋಗ್ತಿದೆ!" ಎಂದಳು. ಆಮೇಲೆ ತನ್ನ ಎರಡೂ ಅಂಗೈಗಳನ್ನು ನೋಡಿಕೊಂಡಳು, ಬಹಳ ಹೊತ್ತು. ಅಜ್ಜ ಹೇಳಿದ್ದ ಮುಖ ಅದು. ಮೇಡಂ ಫೋನನ್ನು ಮಗುಚಿಟ್ಟು ಬೇರೆ ಕಡೆ ತಿರುಗಿದರು.

"ದಾರ ಬೇಡ ಅಂದ್ರೆ ಬಿಚ್ಚಿಕೊಡ್ತೀನಮ್ಮ" ಎಂದ ಅಜ್ಜ.

ಅವಳು ಕನ್ನಡಕ ತೆಗೆಯದೆಯೇ ಕಡ್ಡಿಯನ್ನು ಬೆರಳಿನಿಂದ ಸವರಿದಳು. ಹೊಲಿಗೆಯವಳ ಬೆರಳು ಅಲ್ಲೇ ನಿಂತಿತು. "ಯಾರು ಸುತ್ತಿದ್ದು ಇದನ್ನ? ಗಂಟು ಎಲ್ಲಿ ಹಾಕಿದಾರೆ ಅಂತಲೇ ಸಿಗ್ತಿಲ್ಲ. ಇರ್ಲಿ ಬಿಡಿ, ಇಷ್ಟು ಚೆನ್ನಾಗಿ ಸುತ್ತಿರೋದನ್ನ ಬಿಚ್ಚಬಾರದು."

ಅವಳು ಹೋದ ಮೇಲೆ ಮೇಡಂ ಸ್ಟೂಲು ಹತ್ತಿ ಮೂವತ್ತೊಂದನೇ ಟ್ರೇಯ ಹೊಸ ಫೋಟೋ ತೆಗೆದರು. ಎರಡನೇ ಸಾಲಿನ ಐದನೇ ಖಾನೆಯಲ್ಲಿ ಚೀಟಿ ಮಾತ್ರ ಇತ್ತು. ಹಸಿರು ದಾರದ ಸಂದೇಶ ಬರೆದಿದ್ದ ಮಗಳಿಗೆ ಅದನ್ನು ಕಳಿಸಿ, ಕೆಳಗೆ ಒಂದೇ ಸಾಲು ಬರೆದರು: "ಇವತ್ತು ಹೋಯಿತು. ದಾರ ಬಿಚ್ಚಲಿಲ್ಲ."

ಸಂಜೆ, ಕೋಣೆಗೆ ಬೀಗ ಹಾಕುವ ಹೊತ್ತಿಗೆ ಉತ್ತರ ಬಂತು.

"ಖಾಲಿ ಜಾಗ ನೋಡಿದೆ. ಅಮ್ಮ ಎಲ್ಲೋ ಹೊರಗೆ ಹೋಗಿದ್ದಾಳೆ ಅನ್ನಿಸಿತು."

ಮೇಡಂ ಅದನ್ನು ಅಜ್ಜನಿಗೆ ಓದಿ ಹೇಳಲಿಲ್ಲ. ಕೈಯಲ್ಲಿದ್ದ ಬೀಗವನ್ನು ಮೇಜಿನ ಮೇಲಿಟ್ಟು, ಒಳಗೆ ಬಂದು, ಹತ್ತೊಂಬತ್ತನೇ ಟ್ರೇಯನ್ನು ಪೂರ್ತಿ ಹೊರಗೆಳೆದರು. ಕೊನೆಯ ಖಾನೆಯ ಹಳದಿಯಾದ ಚೀಟಿಯ ಮೇಲೆ ಬೆರಳಿಟ್ಟು ನಿಂತರು. ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲಿಲ್ಲ.

"ಏನಾಯ್ತು ಮೇಡಂ?" ಎಂದ ಅಜ್ಜ.

"ಇದೊಂದು ಫೋಟೋ ಸರಿಯಾಗಿ ಬಂದಿಲ್ಲ. ನಾಳೆ ಇನ್ನೊಂದು ಸಲ ತೆಗೀಬೇಕು. ಸ್ಟೂಲು ಹಿಡ್ಕೊಳ್ತೀರಲ್ಲ?"

ಬಸ್‌ಸ್ಟಾಪಿನಲ್ಲಿ ಕೆಲಸ ಬಿಟ್ಟು ಬಂದವರ ಗುಂಪಿತ್ತು. ಕನ್ನಡಕದ ಗಂಡಸರು ನಾಲ್ಕೈದು ಜನರಿದ್ದರು. ಒಬ್ಬನದು ದಪ್ಪ ಕಪ್ಪು ಫ್ರೇಮು, ಎಡಗಡೆ ಮೇಡಂಗೆ ಕಾಣದ ಹಾಗೆ ತಿರುಗಿ ನಿಂತಿದ್ದ. ಎರಡು ಹೆಜ್ಜೆ ಮುಂದೆ ಹೋಗಿದ್ದರೆ ಹಿತ್ತಾಳೆಯ ಸ್ಕ್ರೂ ಇದೆಯೋ ಇಲ್ಲವೋ ಕಾಣುತ್ತಿತ್ತು. ಮೇಡಂ ಹೋಗಲಿಲ್ಲ. ಆತ ಕತ್ತು ಎತ್ತಿ ರಸ್ತೆಯ ತುದಿಯನ್ನೇ ದಿಟ್ಟಿಸುತ್ತಿದ್ದ. ಅವರೂ ಆ ಕಡೆ ನೋಡಿದರು. ಸಂಜೆಯ ಬೆಳಕಿನಲ್ಲಿ ದೂರದಿಂದ ಒಂದು ಬಸ್ಸು ಬರುತ್ತಿತ್ತು, ಅದರ ಹಣೆಯ ನಂಬರು ಇಲ್ಲಿಗೇ ಸ್ಪಷ್ಟವಾಗಿ ಕಾಣುತ್ತಿತ್ತು.