ಒಂದೇ ಚೌಕದ ಅಂತರ

ಮೂರನೆಯ ಹಾಳೆಯ ಹಿಂಬದಿಯಲ್ಲೂ ಅದೇ: ತಾತನಿಗೆ ಹದಿಮೂರು, ಬಾಬಿನ್‌ಗೆ ಹನ್ನೆರಡು.

ಅಮ್ಮ ಕತ್ತರಿಯನ್ನು ಕೆಳಗಿಟ್ಟಳು. ಗಿರಾಕಿಯೊಬ್ಬರ ಸ್ಕರ್ಟಿಗೆ ಅಳತೆ ಬರೆದು ಕತ್ತರಿಸಲು ಒಂದು ಕಂದು ಹಾಳೆ ಬೇಕಾಗಿತ್ತು, ಅಷ್ಟೆ. ಬೀರುವಿನ ಕೆಳಗಿನ ಖಾನೆಯಿಂದ ಹಳೆಯ ಹಾಳೆಗಳ ಕಟ್ಟು ಎಳೆದಿದ್ದಳು. ಒಂದು ಬದಿಯಲ್ಲಿ ಯಾರದೋ ತೋಳು, ಯಾರದೋ ಕಾಲರು. ಇನ್ನೊಂದು ಬದಿಯಲ್ಲಿ ತಾತ ಮೊಮ್ಮಗಳ ಚುಕ್ಕಿ ಆಟ. ಸಾಲಿಗೆ ಆರರಂತೆ ಆರು ಸಾಲು ಚುಕ್ಕಿ, ಸರದಿಗೊಂದು ಗೆರೆ. ಯಾರ ಗೆರೆಯಿಂದ ಚೌಕ ಮುಚ್ಚುತ್ತದೋ ಚೌಕ ಅವರದು, ಮುಂದಿನ ಗೆರೆಯೂ ಅವರದೇ. ಗೆದ್ದ ಚೌಕದಲ್ಲಿ ತಾತ 'ತ' ಎಂದು ಬರೆಯುತ್ತಿದ್ದ, ಹುಡುಗಿ 'ಬ' ಎಂದು. ಹುಟ್ಟಿದಾಗ ನೂಲು ಸುತ್ತಿದ ಬಾಬಿನ್ನಿನ ಹಾಗೆ ದುಂಡಗಿದ್ದಳೆಂದು ತಾತನೇ ಇಟ್ಟ ಹೆಸರು. ಹತ್ತು ವರ್ಷಕ್ಕೆ ಸೂಜಿಯಂತೆ ಸಣ್ಣಗಾಗಿದ್ದರೂ ಹೆಸರು ಅವಳನ್ನು ಬಿಟ್ಟಿರಲಿಲ್ಲ.

ಆಟ ನಡೆಯುತ್ತಿದ್ದದ್ದು ಹೊಲಿಗೆ ಮಿಷನ್ ಇದ್ದ ಇದೇ ಉದ್ದನೆಯ ಮೇಜಿನ ಮೇಲೆ. ಅಮ್ಮ ಪೆಡಲ್ ತುಳಿದಾಗಲೆಲ್ಲ ಮೇಜು ನಡುಗಿ ಗೆರೆಗಳು ಸೊಟ್ಟಗಾಗುತ್ತಿದ್ದವು. ಯಾರೂ ತಲೆಕೆಡಿಸಿಕೊಂಡಿರಲಿಲ್ಲ.

ಅಮ್ಮ ಕಟ್ಟನ್ನೆಲ್ಲ ಹರಡಿದಳು. ಹತ್ತೊಂಬತ್ತು ಆಟ. ಹತ್ತೊಂಬತ್ತರಲ್ಲೂ ತಾತನದೇ ಗೆಲುವು, ಅದೂ ಒಂದೇ ಒಂದು ಚೌಕದಿಂದ.

"ಹಾಳೆ ಮೇಲೆ ಇರುವೆ ಹರೀತಿದ್ಯೇನೇ, ಹಾಗೆ ನೋಡ್ತಿದೀಯ?" ಎಂದಳು ದೊಡ್ಡಮ್ಮ, ಕೋಟಿನ ಗುಂಡಿ ಹೊಲಿಯುತ್ತಾ.

"ಏನಿಲ್ಲ ಅಕ್ಕ."

"ಏನಿಲ್ಲವಂತೆ! ಆ ಫಾರಂ ವಿಷಯ ತಾನೇ?"

ಫಾರಂ ಒಂದು ವಾರದಿಂದ ಇಸ್ತ್ರಿಪೆಟ್ಟಿಗೆಯ ಪಕ್ಕದಲ್ಲೇ ಬಿದ್ದಿತ್ತು. ಶಾಲೆಗೆ ಯಾರೋ ಬಂದು ಮಕ್ಕಳಿಗೆಲ್ಲ ಪರೀಕ್ಷೆ ಮಾಡಿ ಹೋಗಿದ್ದರು. ಐಕ್ಯೂ ಹೆಚ್ಚಿರುವವರ ಸಂಘವಂತೆ, ನೂರು ಜನರಲ್ಲಿ ಇಬ್ಬರಿಗೆ ಮಾತ್ರ ಅಲ್ಲಿ ಜಾಗವಂತೆ. ನಿಮ್ಮ ಮಗಳೂ ಅಂಥವಳೇ, ಭಾನುವಾರ ಕುಟುಂಬಗಳ ಕೂಟಕ್ಕೆ ಕರೆತನ್ನಿ, ಸೇರಿಸುವುದಾದರೆ ಅಲ್ಲೇ ಸಹಿ ಹಾಕಿ ಕೊಡಿ ಎಂದು ಪತ್ರ ಬಂದಿತ್ತು. ಗೂಡ್ಸ್ ರೈಲು ಓಡಿಸುವ ಅಪ್ಪ ಫೋನಿನಲ್ಲಿ, "ನೀನು ನೋಡಿ ಏನು ಹೇಳ್ತೀಯೋ ಅದೇ" ಎಂದು ಜಾರಿಕೊಂಡಿದ್ದ.

"ಜಾಣರ ಸಂಘ!" ದೊಡ್ಡಮ್ಮ ನೂಲನ್ನು ಹಲ್ಲಿನಿಂದ ಕಡಿದಳು. "ಅಲ್ಲೇನ್ ಮಾಡ್ತಾರೆ? ಒಬ್ಬರ ತಲೆ ಒಬ್ಬರು ನೋಡ್ಕೊಂಡು ಕೂತಿರ್ತಾರಾ? ನಾಳೆ ಇವಳು ಬಂದು, ದೊಡ್ಡಮ್ಮಾ, ನಿನ್ನ ಹತ್ರ ಮಾತಾಡೋಕೆ ನಂಗೇನೂ ಇಲ್ಲ ಅಂತಾಳೆ. ನೋಡ್ತಿರು."

ಅಮ್ಮನ ಹೆದರಿಕೆಯೂ ಅದೇ. ಅಲ್ಲಿಗೆ ಹೋಗಿಬಂದ ಮಗು ಈ ಮೇಜಿನ ಸುತ್ತ ಕೂತವರನ್ನು ಮೊದಲಿನ ಕಣ್ಣಿನಿಂದಲೇ ನೋಡೀತೆ? ಹಾಗೆಂದೇ ಸಹಿಗೆ ಕೈ ಏಳುತ್ತಿರಲಿಲ್ಲ. ಆದರೆ ಈಗ ಈ ಹಾಳೆಗಳು. ಹೋದ ವಾರದ ಆಟ ನೆನಪಾಯಿತು. ಬಾಬಿನ್ ಸಾಲಾಗಿ ಮೂರು ಚೌಕ ಮುಚ್ಚಿ, ಆಮೇಲೆ ಕಿಟಕಿಯಾಚೆ ನೋಡುತ್ತಾ ಒಂದು ಗೆರೆ ಎಳೆದು, ತಾತನಿಗೆ ಐದು ಚೌಕ ಒಪ್ಪಿಸಿದ್ದಳು. "ಅಯ್ಯೋ, ನೋಡ್ಲೇ ಇಲ್ಲ ತಾತ!" ತಾತ ಕುರ್ಚಿಯಲ್ಲೇ ಕುಣಿದಿದ್ದ.

ಬೆಳೆಯುವ ಮಕ್ಕಳ ಬಟ್ಟೆಗೆ ಅಮ್ಮ ಎರಡು ಬೆರಳಗಲ ಒಳಗೆ ಮಡಚಿ ಹೊಲಿಯುತ್ತಿದ್ದಳು, ಮುಂದೆ ಬಿಚ್ಚಿಕೊಳ್ಳಲಿ ಎಂದು. ಮಡಿಕೆ ಹೊರಗೆ ಕಾಣಬಾರದು. ಹೊಲಿಗೆಯ ಅಚ್ಚುಕಟ್ಟು ಇರುವುದೇ ಅದರಲ್ಲಿ. ಮಗಳ ಆಟದೊಳಗಿನ ಈ ಮಡಿಕೆ ತನಗೂ ಕಂಡಿರಲಿಲ್ಲ.

ಭಾನುವಾರದ ಕೂಟ ಗ್ರಂಥಾಲಯದ ಮಹಡಿಯಲ್ಲಿತ್ತು. "ನಾನೂ ಬರ್ತೀನಿ, ಆ ತಲೆಗಳನ್ನ ನೋಡೇಬಿಡೋಣ" ಎಂದು ದೊಡ್ಡಮ್ಮನೂ ಹೊರಟಳು. ಮೂವತ್ತು ವರ್ಷ ಸರ್ಕಾರಿ ಕಟ್ಟಡವೊಂದರಲ್ಲಿ ಲಿಫ್ಟ್ ನಡೆಸಿದ ತಾತ ಮಾತ್ರ ಬರಲೊಪ್ಪಲಿಲ್ಲ. "ಎಷ್ಟೋ ಜಾಣರನ್ನ ಮೇಲೆ ಹತ್ತಿಸಿ ಇಳಿಸಿದೀನಿ ಕಣಮ್ಮಾ. ಕರೆಂಟ್ ಹೋಗಿ ಲಿಫ್ಟ್ ನಿಂತಾಗ ಎಲ್ರ ಮುಖಾನೂ ಒಂದೇ ಥರ ಇರ್ತಿತ್ತು."

ಕೂಟದಲ್ಲಿ ಯಾರೂ ಬಿಗುಮಾನದಿಂದ ಕೂತಿರಲಿಲ್ಲ. ಮಕ್ಕಳು ನೆಲದ ಮೇಲೆ ಬಿದ್ದುಕೊಂಡು ಜಗಳವಾಡುತ್ತಿದ್ದರು. ಸ್ವಾಗತಿಸಲು ಬಂದ ಕಾರ್ಯದರ್ಶಿ ಸ್ವೆಟರನ್ನು ಹಿಂದುಮುಂದಾಗಿ ತೊಟ್ಟಿದ್ದರು. ಲೇಬಲ್ಲು ಗಂಟಲ ಕೆಳಗಿತ್ತು. ದೊಡ್ಡಮ್ಮ ತಂಗಿಯ ಪಕ್ಕೆ ತಿವಿದಳು. "ನೂರರಲ್ಲಿ ಇಬ್ಬರು ಅಂದ್ಯಲ್ಲ, ಒಬ್ರು ಸಿಕ್ಕಿದ್ರು."

ಬಾಬಿನ್ ಅಮ್ಮನ ಸೆರಗಿಗೆ ಅಂಟಿಕೊಂಡೇ ನಿಂತಿದ್ದಳು. ಎರಡು ಜಡೆಯ ಹುಡುಗಿಯೊಬ್ಬಳು ನೋಟ್‌ಬುಕ್ ಹಿಡಿದು ನೇರ ಎದುರಿಗೆ ಬಂದಳು. "ಚುಕ್ಕಿ ಆಟ ಬರುತ್ತಾ? ಇಲ್ಲಿ ಯಾರೂ ನನ್ನ ಜೊತೆ ಆಡಲ್ಲ."

ಇಬ್ಬರೂ ಕಿಟಕಿಯ ಕೆಳಗೆ ಕೂತರು. ಅಮ್ಮ ಪಕ್ಕದಲ್ಲಿದ್ದ ಆ ಹುಡುಗಿಯ ತಾಯಿಯನ್ನು ಮೆಲ್ಲಗೆ ಕೇಳಿದಳು, "ಸೇರಿಸಿದ್ರಿಂದ ಏನಾದ್ರೂ ಆಯ್ತಾ?"

ಆಕೆ ಯೋಚಿಸಿದರು. "ಮಾರ್ಕ್ಸ್ ಏನೂ ಜಾಸ್ತಿ ಆಗ್ಲಿಲ್ಲ. ಹಲ್ಲುಜ್ಜು ಅಂತ ಈಗ್ಲೂ ಮೂರು ಸಲ ಹೇಳ್ಬೇಕು. ಇಲ್ಲಿಗೆ ಬರೋ ಭಾನುವಾರ ಮಾತ್ರ ತಾನೇ ಎದ್ದು ನನ್ನನ್ನ ಎಬ್ಬಿಸ್ತಾಳೆ."

ಅಷ್ಟರಲ್ಲಿ ಕಿಟಕಿಯ ಕಡೆಯಿಂದ ಜಡೆಯ ಹುಡುಗಿಯ ದನಿ ಏರಿತು. "ಏಯ್, ಬೇಕಂತ ಬಿಟ್ಟೆ ತಾನೇ ಅದನ್ನ? ಹೀಗೆಲ್ಲ ಆಡೋದಾದ್ರೆ ನಾನು ಬರಲ್ಲಪ್ಪ."

ಬಾಬಿನ್ ಕಿವಿಯವರೆಗೂ ಕೆಂಪಾದಳು. ತಿರುಗಿ ಅಮ್ಮನನ್ನು ನೋಡಿದಳು. ಅಮ್ಮ ತಲೆಯಾಡಿಸಿದಳು: ಆಡು. ಬಾಬಿನ್ ಹೊಸ ಹಾಳೆ ತಿರುವಿದಳು. ಚಪ್ಪಲಿ ಕಳಚಿ ಆಚೆ ತಳ್ಳಿದಳು. ನಾಲಿಗೆಯ ತುದಿ ತುಟಿಯ ಮೂಲೆಯಲ್ಲಿ ಇಣುಕಿತು. ಪೆನ್ಸಿಲ್ ಸರಸರ ಓಡಿತು, ನಿಂತಿತು, ಮತ್ತೆ ಓಡಿತು. ಅಮ್ಮ ನಿಂತಲ್ಲಿಂದಲೇ ಎಣಿಸಿದಳು. ಎಂಟು. ಎದುರಿನವಳದು ಹದಿನೇಳು.

ಇನ್ನೇನು ಅಳು ಬಂತು ಎಂದುಕೊಂಡು ಅಮ್ಮ ಎರಡು ಹೆಜ್ಜೆ ಮುಂದಿಟ್ಟಳು.

"ಅಮ್ಮಾ! ಸೋತೆ!" ಕೋಣೆಯೆಲ್ಲ ತಿರುಗಿ ನೋಡುವಂತೆ ಬಾಬಿನ್ ಕೂಗಿದಳು. "ಹದಿನೇಳು, ಎಂಟು! ಎಲ್ಲಾ ಸರಿಯಾಗೇ ಆಡ್ದೆ, ಆದ್ರೂ ಸೋತೆ!" ಅವಳು ಬರಿಗಾಲಲ್ಲಿ ಕುಣಿಯುತ್ತಿದ್ದಳು. "ಏಯ್, ಎಲ್ಲೂ ಹೋಗ್ಬೇಡ, ಇನ್ನೊಂದಾಟ!"

ದೊಡ್ಡಮ್ಮ ಚೀಲದಿಂದ ಪೆನ್ನು ತೆಗೆದು ತಂಗಿಯ ಕೈಗೆ ತುರುಕಿದಳು. "ನೋಡ್ತಾ ನಿಂತಿದೀಯಲ್ಲ, ಹಾಕು ಸಹಿ. ಈ ಹುಡುಗಿಗೆ ಇಷ್ಟು ದೊಡ್ಡ ಗಂಟಲು ಇದೆ ಅಂತಾನೇ ನಂಗೆ ಗೊತ್ತಿರ್ಲಿಲ್ಲ."

ಅಮ್ಮ ಕಿಟಕಿಯ ಕಟ್ಟೆಯ ಮೇಲೆ ಫಾರಂ ಇಟ್ಟು ಸಹಿ ಹಾಕಿದಳು.

ಸಂಜೆ ಮನೆಗೆ ಬಂದಾಗ ತಾತ ಮೇಜಿನ ಮೇಲೆ ಚುಕ್ಕಿ ಇಟ್ಟು ಕಾಯುತ್ತಿದ್ದ. ಬಾಬಿನ್ ತಾನು ಸೋತ ಕಥೆಯನ್ನು ಎರಡು ಸಲ ಹೇಳಿದಳು. ಅಮ್ಮ ಆ ಹತ್ತೊಂಬತ್ತು ಹಾಳೆಗಳನ್ನು ತಂದು ತಾತನ ಮುಂದೆ ಹರಡಿದಳು. "ಅಪ್ಪಾ, ಇದನ್ನ ನೋಡಿದೀರಾ?"

ತಾತ ನೋಡಿದ. ಬಾಬಿನ್ ತಲೆ ತಗ್ಗಿಸಿ ಮೇಜಿನ ಅಂಚನ್ನು ಉಗುರಿನಿಂದ ಕೆರೆಯತೊಡಗಿದಳು. "ಕೋಪಾನಾ ತಾತ?"

"ಬರದೆ ಇರುತ್ತಾ?" ತಾತ ಮೇಜು ಗುದ್ದಿದ. "ಪಾಪ, ಮಗು ಪ್ರತಿ ಸಲ ಸೋಲುತ್ತೆ, ಒಂದಾಟ ನಾನೇ ಸೋಲೋಣ ಅಂತ ವರ್ಷದಿಂದ ಒದ್ದಾಡ್ತಿದೀನಿ. ಎಂಥಾ ಪೆದ್ದು ಗೆರೆ ಎಳೆದ್ರೂ ಇವಳು ಹೇಗೋ ತಿರುಗಿಸಿ ನನ್ನನ್ನೇ ಗೆಲ್ಲಿಸ್ತಾಳೆ! ಗೊತ್ತಾಗಬಾರದು ಅಂತ ಗೆದ್ದಾಗ ಕುಣೀತಿದ್ದೆ ಬೇರೆ! ಸೋಲೋಕೂ ಬರದಷ್ಟು ವಯಸ್ಸಾಯ್ತಾ ನಂಗೆ ಅಂದ್ಕೊಂಡಿದ್ದೆ!"

ದೊಡ್ಡಮ್ಮ ನಗುವಿನಲ್ಲಿ ಗುಂಡಿಯ ಡಬ್ಬಿ ಬೀಳಿಸಿದಳು. "ನೂರರಲ್ಲಿ ಇಬ್ಬರಂತೆ! ಇಬ್ರೂ ನಮ್ಮನೇಲೇ ಇದಾರಲ್ಲೇ!"

ಗುಂಡಿಗಳನ್ನೆಲ್ಲ ಆರಿಸಿದ ಮೇಲೆ ತಾತ ಕನ್ನಡಕ ಒರೆಸಿಕೊಂಡ. "ಬಾ, ಕೂತ್ಕೋ. ದಾಕ್ಷಿಣ್ಯ ಬೇಡ. ನಾನೂ ಮಾಡಲ್ಲ."

ಅಮ್ಮ ಸ್ಕರ್ಟಿನ ಅಂಚು ಮಡಚಿ ಮಿಷನ್ನಿಗೆ ಕೊಟ್ಟಳು. ಸ್ವಲ್ಪ ಹೊತ್ತು ಗೆರೆಗಳು ಬೇಗ ಬೇಗ ಬಿದ್ದವು. ಆಮೇಲೆ ಗೆರೆ ಎಳೆಯುವ ಸದ್ದು ನಿಂತಿತೆಂದು ತಲೆಯೆತ್ತಿದಳು. ತಾತನ ಚಹಾ ಆರಿಹೋಗಿತ್ತು. ಅವನ ಪೆನ್ಸಿಲ್ ಎರಡು ಚುಕ್ಕಿಗಳ ನಡುವೆ ಗಾಳಿಯಲ್ಲೇ ನಿಂತಿತ್ತು, ನಾಲಿಗೆಯ ತುದಿ ತುಟಿಯ ಮೂಲೆಯಲ್ಲಿತ್ತು. ಎದುರಿಗೆ ಬಾಬಿನ್, ಎರಡು ಕೈಯಲ್ಲಿ ಗಲ್ಲ ಹಿಡಿದು, ಕಾಯುತ್ತಿದ್ದಳು.

ಮೇಜು ಅಲುಗಬಾರದೆಂದು ಅಮ್ಮ ಮೆಲ್ಲಗೆ ಪೆಡಲ್ ಮೇಲಿಂದ ಕಾಲು ತೆಗೆದಳು.