ಮೊದಲ ಸಸಿ

ನೀರಜಾ ಸುಣ್ಣದ ಪುಡಿಯ ಬುಟ್ಟಿ ಹಿಡಿದು ಮೂರನೆಯ ಸಲ ಅಂಗಳದಲ್ಲಿ ಗೆರೆ ಎಳೆಯುತ್ತಿದ್ದಳು. ಮೊದಲ ಸಲದ ಗೆರೆಗಳನ್ನು ಜೂನಿನ ಮಳೆ ತೊಳೆದಿತ್ತು, ಎರಡನೆಯ ಸಲದವನ್ನು ಜುಲೈ ಮಳೆ. ಮೆಟ್ಟಿಲ ಮೇಲೆ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದ ಸಾವಂತ್ರವ್ವ ಇದಕ್ಕೂ ತನಗೂ ಸಂಬಂಧವೇ ಇಲ್ಲ ಎನ್ನುವ ಮುಖ ಮಾಡಿಕೊಂಡಿದ್ದಳು. ತಡವಾಗುತ್ತಿದ್ದದ್ದೆಲ್ಲ ಅವಳ ದೆಸೆಯಿಂದಲೇ.

"ಕಾಕೂ, ಆಗಸ್ಟ್ ಬಂತು," ಎಂದಳು ನೀರಜಾ ಮರಾಠಿಯಲ್ಲಿ. "ಮಳೆ ಹಿಂದೆ ಸರಿದ ಮೇಲೆ ನೆಟ್ಟರೆ ಅರ್ಧಕ್ಕರ್ಧ ಗಿಡ ಸಾಯುತ್ತವೆ. ಇವತ್ತು ಒಂದೇ ಒಂದು ದಾಸವಾಳ ನೆಟ್ಟುಬಿಡಲೇ?"

"ಇನ್ನ ನಾಕ ದಿನ ತಡಿಯವ್ವಾ," ಎಂದಳು ಸಾವಂತ್ರವ್ವ. ಅವಳ ಮರಾಠಿ ತುರ್ತಿನ ಹೊತ್ತಿನಲ್ಲಿ ಹೀಗೆ ಕನ್ನಡವಾಗಿಬಿಡುತ್ತಿತ್ತು. ನೀರಜಾಳಿಗೆ ಅದು ಅರ್ಥವಾಗುತ್ತಿತ್ತು. ಪುಣೆಯ ಸದಾಶಿವ ಪೇಠದಲ್ಲಿ, ಹತ್ತಾರು ಸಂಸಾರಗಳ ಹಳೆಯ ವಾಡೆಯಲ್ಲಿ ಎದುರು ಮನೆಯವಳಾಗಿ ಸಾವಂತ್ರವ್ವನ ಕೈಯ ಜೋಳದ ರೊಟ್ಟಿ ತಿಂದು ಬೆಳೆದ ಹುಡುಗಿ ಅವಳು. ಕೃಷಿ ಕಾಲೇಜು ಮುಗಿಸಿ, ಮನೆಗಳಿಗೆ ತೋಟ ಮಾಡಿಕೊಡುತ್ತೇನೆಂದು ಬೋರ್ಡು ಹಾಕಿಕೊಂಡ ಮೇಲೆ ಸಿಕ್ಕ ಮೊದಲ ತೋಟ ಇದೇ. ಮೊದಲ ತೋಟವೇ ಗಂಟಲಲ್ಲಿ ಸಿಕ್ಕಿಕೊಂಡಿತ್ತು.

ಆ ವಾಡೆಯ ಮಾಳಿಗೆಯ ಎರಡು ಕೋಣೆಗಳಲ್ಲಿ ಸಾವಂತ್ರವ್ವ ಮೂವತ್ತೆರಡು ವರ್ಷ ಸಂಸಾರ ಮಾಡಿದ್ದಳು. ಅಲ್ಲಿ ಅವಳ ತೋಟವೆಂದರೆ ಎಣ್ಣೆಯ ಡಬ್ಬಿಯಲ್ಲಿದ್ದ ಒಂದು ತುಳಸಿ. ಗಂಡ ಶಿವಪ್ಪ ಇಳಕಲ್ ಸೀರೆ, ಕುಪ್ಪಸದ ಖಣಗಳ ಅಂಗಡಿ ನಡೆಸಿ ಕೊನೆಗೂ ಊರ ಹೊರಗೆ, ಕಾತ್ರಜದಾಚೆ ಒಂದು ಸಣ್ಣ ಮನೆ ಕಟ್ಟಿಸಿದ್ದ. ಮನೆಯ ಮುಂದೆ ಇಪ್ಪತ್ತು ಅಡಿ ಉದ್ದ, ಹದಿನೈದು ಅಡಿ ಅಗಲದ ಬಯಲು. ಅದನ್ನು ನೀರಜಾ ನಾಲ್ಕು ಪಾಲು ಮಾಡಿ ಬಣ್ಣದ ಪೆನ್ಸಿಲಿನಿಂದ ನಕ್ಷೆ ಬರೆದು ಕೊಟ್ಟಿದ್ದಳು. ಗೇಟಿನ ಎಡಕ್ಕೆ ಪೂಜೆಯ ಹೂವಿನ ಪಾಲು: ದಾಸವಾಳ, ನಂದಿಬಟ್ಟಲು, ಕಣಗಿಲೆ. ಕಿಟಕಿಯ ಕೆಳಗೆ ಪರಿಮಳದ ಪಾಲು, ಅಲ್ಲಿ ಮಲ್ಲಿಗೆ, ಜಾಜಿ. ಬಿಸಿಲು ಹೆಚ್ಚು ಬೀಳುವ ಮೂಲೆ ಚಿಟ್ಟೆಗಳಿಗೆ. ಅಡಿಗೆಮನೆಯ ಕಡೆ ಕರಿಬೇವು, ಪುದೀನ, ಮಜ್ಜಿಗೆ ಹುಲ್ಲು. ನಾಲ್ಕೂ ಪಾಲಿನ ಕಾಲುದಾರಿಗಳು ಕೂಡುವಲ್ಲಿ ಒಂದು ದುಂಡನೆಯ ಜಾಗ, ಒಂದೇ ಗಿಡಕ್ಕೆ. ನಕ್ಷೆಯಲ್ಲಿ ಎಲ್ಲಕ್ಕೂ ಹೆಸರಿತ್ತು. ಆ ದುಂಡು ಮಾತ್ರ ಖಾಲಿ.

ಖಾಲಿ ಬಿಡಿಸಿದವಳು ಸಾವಂತ್ರವ್ವ. ಹೊಸ ಮನೆಯ ಅಂಗಳದಲ್ಲಿ ಮೊದಲ ಸಸಿ ತವರಿನಿಂದ ಬರಬೇಕು, ಅದು ನೆಲಕ್ಕಿಳಿಯುವ ತನಕ ಬೇರೆ ಯಾವುದನ್ನೂ ನೆಡಬಾರದು ಎನ್ನುವುದು ಅವಳ ತವರಿನ ರೂಢಿ. ಅವಳ ಅವ್ವನ ಅಂಗಳಕ್ಕೂ, ಅಜ್ಜಿಯ ಅಂಗಳಕ್ಕೂ ಹಾಗೇ ಬಂದಿತ್ತು. ಹೀಗಾಗಿ ತಂದ ಸಸಿಗಳೆಲ್ಲ ಎರಡು ತಿಂಗಳಿಂದ ಕಪ್ಪು ಪ್ಲಾಸ್ಟಿಕ್ ಚೀಲಗಳಲ್ಲೇ ಜಗುಲಿಯ ಮೇಲೆ ಸಾಲಾಗಿ ನಿಂತಿದ್ದವು. ಬೇರುಗಳು ಚೀಲ ಹರಿದು ಹೊರಗೆ ಬಂದಿದ್ದವು. ಒಂದು ಮಲ್ಲಿಗೆಯಂತೂ ತಾಳಲಾರದೆ ಚೀಲದಲ್ಲೇ ಹೂ ಬಿಟ್ಟಿತ್ತು.

ಕಷ್ಟವೆಂದರೆ ತವರು ಅವಳೊಡನೆ ಮಾತು ಬಿಟ್ಟು ಎಂಟು ವರ್ಷವಾಗಿತ್ತು.

ತವರು ಅಂದರೆ ಈಗ ಒಬ್ಬನೇ, ತಮ್ಮ ಬಸವಪ್ರಭು. ನವಲಗುಂದದ ಕಡೆಯ ಹಳ್ಳಿಯಲ್ಲಿ ಒಕ್ಕಲುತನ. ಸಾವಂತ್ರವ್ವನ ಮಗಳು ಸಪ್ನಾ ತೊಟ್ಟಿಲಲ್ಲಿದ್ದಾಗಲೇ ತನ್ನ ಮಗನಿಗೆ ಎಂದು ಹೇಳಿಟ್ಟಿದ್ದ. ಸಪ್ನಾ ದೊಡ್ಡವಳಾಗಿ ಬಾರಾಮತಿಯ ಹಾಲಿನ ಡೇರಿಯಲ್ಲಿ ಕೆಲಸಕ್ಕೆ ಸೇರಿ, ಅಲ್ಲೇ ಇದ್ದ ಮಧುಕರನನ್ನು ಮದುವೆಯಾಗುತ್ತೇನೆಂದಾಗ ಸಾವಂತ್ರವ್ವ ಮಗಳ ಕಡೆ ನಿಂತಳು. ಬಸವಪ್ರಭು ಕೂಗಾಡಲಿಲ್ಲ. ವಾಡೆಯ ಮೆಟ್ಟಿಲಿಳಿಯುವಾಗ, "ಇನ್ನ ಪಂಚಮಿಗೆ ನಿನ್ನ ಕರಿಯಾಕ ಯಾರೂ ಬರಂಗಿಲ್ಲ, ತಿಳೀತಿಲ್ಲೋ?" ಎಂದ. ಮಾತು ಉಳಿಸಿಕೊಂಡ. ಶ್ರಾವಣದ ನಾಗರ ಪಂಚಮಿಗೆ ಊರ ಕಡೆಯ ಹೆಣ್ಣುಮಕ್ಕಳನ್ನೆಲ್ಲ ಅಣ್ಣತಮ್ಮಂದಿರು ಬಂದು ಕರೆದೊಯ್ಯುವಾಗ ಸಾವಂತ್ರವ್ವ ಎಂಟು ವರ್ಷ ಪುಣೆಯಲ್ಲೇ ಎಳ್ಳುಂಡೆ ಕಟ್ಟಿ, ತಾನೇ ತಿಂದಳು. ಮಗಳ ವಿಷಯದಲ್ಲಿ ಅವಳಿಗೆ ಒಂದು ದಿನವೂ ಪಶ್ಚಾತ್ತಾಪವಾಗಲಿಲ್ಲ. ತಮ್ಮನ ನೆನಪು ಬಾರದ ದಿನವೂ ಇರಲಿಲ್ಲ.

ಅಕ್ಷಯ ತದಿಗೆಯ ದಿನ ಗೃಹಪ್ರವೇಶ. ಕರೆಯೋಲೆ ಹೋಗಿತ್ತು, ಅವನು ಬರಲಿಲ್ಲ. ಆಮೇಲೆ ಸಾವಂತ್ರವ್ವ ಎರಡು ಕಾಗದ ಬರೆದಳು. ನೀ ಬರಬ್ಯಾಡ, ಸಿಟ್ಟ ಇದ್ರ ಇರ್ಲಿ, ಯಾರ ಕೈಲ್ಯಾದ್ರೂ ಒಂದು ಸಸಿ ಕಳಿಸು, ಬೇವಾದ್ರೂ ಆದೀತು, ನುಗ್ಗಿಯಾದ್ರೂ ಆದೀತು ಎಂದು. ಉತ್ತರವಿಲ್ಲ. ಅಂಚೆಯವನು ಗೇಟು ದಾಟಿ ಮುಂದೆ ಹೋದಾಗಲೆಲ್ಲ ಅವಳು ಏನೂ ಆಗದವಳಂತೆ ಒಳಗೆ ಹೋಗಿ ಮಾಡಿದ ಕೆಲಸವನ್ನೇ ಮತ್ತೆ ಮಾಡುತ್ತಿದ್ದಳು. ಒರೆಸಿದ ಕಟ್ಟೆಯನ್ನೇ ಇನ್ನೊಮ್ಮೆ ಒರೆಸುವುದನ್ನು ಶಿವಪ್ಪ ಬಾಗಿಲ ಸಂದಿಯಿಂದ ನೋಡುತ್ತಿದ್ದ.

"ರೂಢಿ ಮಂದೀ ಸಲುವಾಗಿ ಅದಾವ, ರೂಢಿ ಸಲುವಾಗಿ ಮಂದಿ ಇಲ್ಲ," ಎಂದು ಒಮ್ಮೆ ಹೇಳಿ ನೋಡಿದ. "ಸಪ್ನಾ ಒಂದು ಸಸಿ ತರತೇನಂದಾಳ. ಮಗಳ ಮನಿಯಿಂದ ಬಂದ್ರ ಆಗಂಗಿಲ್ಲೇನು?"

"ಮಗಳ ಮನಿ ತವರಮನಿ ಹೆಂಗ ಆಗತದ್ರಿ?" ಎಂದಳು ಸಾವಂತ್ರವ್ವ. ಆ ಮಾತು ಅಲ್ಲಿಗೆ ಮುಗಿಯಿತು.

ಪಂಚಮಿಗೆ ಎರಡು ದಿನ ಇದ್ದಾಗ, ಮಧ್ಯಾಹ್ನ ಊಟದ ಹೊತ್ತಿಗೆ ಶಿವಪ್ಪ ಅಂಗಡಿಯಿಂದ ರಿಕ್ಷಾದಲ್ಲಿ ಬಂದಿಳಿದ. ಇಷ್ಟು ದೂರ ಊಟಕ್ಕೆ ಬರುವವನಲ್ಲ. ತೊಡೆಯ ಮೇಲೆ ಗೋಣಿತಟ್ಟಿನಲ್ಲಿ ಸುತ್ತಿದ್ದ ಒಂದು ಗಂಟು. ತುದಿಯಲ್ಲಿ ನಾಲ್ಕು ಕೆಂಪು ಚಿಗುರು ಇಣುಕುತ್ತಿದ್ದವು.

"ಬಂತು ನೋಡು!" ಎಂದ ಗೇಟಿನಲ್ಲೇ. ದನಿ ಒಂದು ಪಟ್ಟು ಹೆಚ್ಚೇ ಇತ್ತು. "ಕಳಿಸ್ಯಾನ ನಿನ್ನ ತಮ್ಮ. ದಾಳಿಂಬ್ರಿ. ಹುಬ್ಬಳ್ಳಿ ಬಸ್ಸಿನ ಕಂಡಕ್ಟರ ಕೈಲೆ ಕೊಟ್ಟ ಕಳಿಸ್ಯಾನ. ಕಾತ್ರಜ ಸ್ಟಾಪಿನ್ಯಾಗ ಇಳಿಸಿಕೊಂಡ ಬಂದೆ."

ಸಾವಂತ್ರವ್ವ ಸಾರಿನ ಸೌಟು ಹಿಡಿದೇ ಬಾಗಿಲಿಗೆ ಬಂದಳು. ಕಣ್ಣು ತುಂಬಿ ಬಂದು ಎದುರಿಗಿದ್ದದ್ದು ಕಾಣದಾಯಿತು. "ಖರೇನ?"

"ಖರೇ ಅಂದ್ರ? ಸುಳ್ಳ ಹೇಳತೀನೇನು ನಾ?"

"ಚೀಟಿ ಬರದಾನೇನ್ರಿ?"

"ಚೀಟಿ... ಚೀಟಿ ಇಲ್ಲ. ಬಾಯಿಲೆ ಹೇಳಿ ಕಳಿಸ್ಯಾನ."

"ಏನಂತ?"

"ಏನಂತ ಅಂದ್ರ..." ಶಿವಪ್ಪ ಟೋಪಿ ತೆಗೆದು ತಲೆ ಒರೆಸಿಕೊಂಡ. "ಚೆಂದಾಗಿ ಹಚ್ಚರಿ ಅಂತ."

ಅವಳು ಊಟಕ್ಕೂ ಬಿಡಲಿಲ್ಲ. ಹಬ್ಬದಲ್ಲಿ ನೆಲ ಅಗೆಯುವಂತಿಲ್ಲ, ನಾಗಪ್ಪನಿಗೆ ಪೆಟ್ಟಾದೀತು. ಈಗಲೇ ನೆಡಬೇಕು ಎಂದಳು. ಮೂವತ್ತೆರಡು ವರ್ಷದಲ್ಲಿ ತುಳಸಿಗೂ ಒಂದು ತಂಬಿಗೆ ನೀರು ಹಾಕದಿದ್ದ ಶಿವಪ್ಪ ಧೋತರ ಎತ್ತಿ ಕಟ್ಟಿ, ಗುದ್ದಲಿ ಹಿಡಿದು, ನೀರಜಾ ಸುಣ್ಣದಲ್ಲಿ ಬರೆದ ದುಂಡಿನ ನಡುವೆ ಮೊಣಕಾಲುದ್ದ ಗುಂಡಿ ತೋಡಿದ. ತೋಡುತ್ತ ಏದುಸಿರಿನಲ್ಲೇ ಕಂಡಕ್ಟರನ ಮೀಸೆ, ಅವನ ಊರು, ಬಸ್ಸು ತಡವಾದ ಕಾರಣ ಎಲ್ಲ ವರ್ಣಿಸಿದ. ಯಾರೂ ಕೇಳಿರಲಿಲ್ಲ.

ಸಾವಂತ್ರವ್ವ ಸೆರಗು ಸಿಕ್ಕಿಸಿ ಕೂತು, ಗೋಣಿತಟ್ಟು ಬಿಚ್ಚಿ, ಸಸಿಯನ್ನು ಕೂಸಿನಂತೆ ಎರಡೂ ಕೈಯಲ್ಲಿ ಎತ್ತಿ ಗುಂಡಿಯೊಳಗಿಟ್ಟಳು. ಬೇರಿನ ಸುತ್ತಲಿನ ಮಣ್ಣನ್ನು ಒಮ್ಮೆ ಹೆಬ್ಬೆರಳಿನಿಂದ ಸಡಿಲಿಸಿದಳು. ಕೈ ಅಲ್ಲೇ ನಿಂತಿತು.

ಮಣ್ಣು ಕೆಂಪಗಿತ್ತು. ನೀರಜಾ ಲಾರಿಯಲ್ಲಿ ತರಿಸಿ ಅಂಗಳಕ್ಕೆ ಹಾಸಿದ್ದ ಮಣ್ಣಿಗೂ ಬೇರಿಗೆ ಅಂಟಿದ ಮಣ್ಣಿಗೂ ಎಳ್ಳಷ್ಟು ಫರಕು ಇರಲಿಲ್ಲ. ಪುಣೆಯ ಯಾವ ನರ್ಸರಿಗೆ ಹೋದರೂ ಚೀಲಕ್ಕೆ ತುಂಬಿ ಕೊಡುವುದು ಇದನ್ನೇ. ಅವಳ ತವರಿನ ಹೊಲದಲ್ಲಿ ಆಳುದ್ದ ಅಗೆದರೂ ಬರುವುದು ಕಾಡಿಗೆಯಂಥ ಎರೆಮಣ್ಣು. ಮಳೆಗಾಲದಲ್ಲಿ ಕಾಲಿಗೆ ಅಂಟಿ ಚಪ್ಪಲಿಯನ್ನೇ ಕಿತ್ತುಕೊಳ್ಳುವ ಆ ಮಣ್ಣಿನಲ್ಲಿ ಅವಳು ಹುಟ್ಟಿ ಬೆಳೆದವಳು. ಅಲ್ಲಿ ಕೆಂಪು ಮಣ್ಣು ಒಂದು ಹಿಡಿ ಬೇಕೆಂದರೆ ಗಾಡಿ ಕಟ್ಟಿಕೊಂಡು ಹೋಗಬೇಕು. ಶಿವಪ್ಪ ಗುಳೇದಗುಡ್ಡದ ನೇಕಾರರ ಮನೆಯವನು. ಕಲ್ಲುಗುಡ್ಡ, ಕೆಂಪು ನೆಲ, ಮಗ್ಗ ಇಷ್ಟೇ ನೋಡಿ ಬೆಳೆದವನು. ಪ್ಲಾಸ್ಟಿಕ್ ಚೀಲ ತೆಗೆದು ಗೋಣಿತಟ್ಟು ಸುತ್ತಬೇಕೆಂದು ಹೊಳೆದ ಅವನಿಗೆ ಮಣ್ಣಿಗೂ ಒಂದು ಊರಿರುತ್ತದೆಂದು ಹೊಳೆದಿರಲಿಲ್ಲ.

ಅವಳಿಗೆ ಮೊದಲು ಬಂದದ್ದು ಸಿಟ್ಟು. ಸಸಿ ಕಿತ್ತು ಗೇಟಿನಾಚೆ ಎಸೆಯಬೇಕೆನಿಸಿತು. ತಲೆಯೆತ್ತಿದಳು. ಗಂಡ ಗುದ್ದಲಿಗೆ ಒರಗಿ ನಿಂತು, ಅಂಗೈಯಲ್ಲೆದ್ದ ಬೊಬ್ಬೆಯನ್ನು ಊದಿಕೊಳ್ಳುತ್ತ, ಪರೀಕ್ಷೆಯ ಫಲ ಕಾಯುವ ಹುಡುಗನ ಹಾಗೆ ಅವಳ ಮುಖವನ್ನೇ ನೋಡುತ್ತಿದ್ದ.

"ಯಾಕ? ಬೇರು ಚೊಲೋ ಅದಾವಿಲ್ಲೋ?"

"ಚೊಲೋ ಅದಾವ," ಎಂದಳು ಅವಳು. ಮಣ್ಣು ಎಳೆದು ಗುಂಡಿ ಮುಚ್ಚಿದಳು. ಮುಚ್ಚುತ್ತ ಅತ್ತಳು. ಶಿವಪ್ಪ ಅದನ್ನು ಸಂತೋಷದ ಅಳು ಎಂದುಕೊಂಡು ತಾನೂ ಕಣ್ಣೊರೆಸಿಕೊಂಡ.

ಆಗಲೇ ನೀರಜಾಳಿಗೆ ಹೇಳಿ ಕಳಿಸಿದರು. ಮರುದಿನ ನಾಗಚೌತಿ, ಅಂದಿನಿಂದಲೇ ನೆಲ ಅಗೆಯುವಂತಿಲ್ಲ ಎಂದು ತಿಳಿದದ್ದೇ ಅವಳು ಮೊದಲು ಗೊಣಗಿದಳು, ಆಮೇಲೆ ಇಬ್ಬರು ಕೆಲಸದವರನ್ನು ಹಿಡಿದು ತಂದು ಕತ್ತಲಾಗುವುದರೊಳಗೆ ನಾಲ್ಕೂ ಪಾಲಿನ ಸಸಿಗಳನ್ನು ನೆಲಕ್ಕಿಳಿಸಿ ಉಸಿರು ಬಿಟ್ಟಳು. ಜಗುಲಿ ಬರಿದಾಯಿತು.

ಪಂಚಮಿಯ ಬೆಳಿಗ್ಗೆ ನಾಗಪ್ಪನಿಗೆ ಹಾಲೆರೆದು ಬಂದ ಸಾವಂತ್ರವ್ವ ಹೊಸ ಇಳಕಲ್ ಸೀರೆ ಉಟ್ಟು ಗಂಡನ ಮುಂದೆ ನಿಂತಳು. "ನಡೀರಿ, ಮೂಲಿ ಮ್ಯಾಲಿನ ಎಸ್‌ಟಿಡಿ ಅಂಗಡಿಗೆ ಹೋಗಿ ಬರೂಣು. ತಮ್ಮಗ ಫೋನ್ ಮಾಡಬೇಕು. ಸಸಿ ಮುಟ್ಟೇತಿ ಅಂತ ಹೇಳಬೇಕಲ್ಲ."

ಶಿವಪ್ಪನ ಕೈಯಲ್ಲಿದ್ದ ಉಂಡೆ ಬಾಯಿಯ ತನಕ ಬಂದು ತಿರುಗಿ ತಟ್ಟೆಗೆ ಹೋಯಿತು. "ಈಗೇನ ಅವಸರ? ಹಬ್ಬದ ಗದ್ದಲದಾಗ ಇರತಾನ. ಕಾಗದ ಬರದ್ರ ಆತು. ಅಲ್ಲ, ನಂಬರರೇ ಎಲ್ಲದ ನಿನ್ನ ಕಡೆ?"

ನಂಬರು ಅವಳಿಗೆ ಬಾಯಿಪಾಠವಿತ್ತು. ಮೂರು ವರ್ಷದ ಹಿಂದೆ ಯಾರದೋ ಲಗ್ನಪತ್ರಿಕೆಯ ಕೆಳಗೆ ಅಚ್ಚಾಗಿದ್ದದ್ದು. ಒಮ್ಮೆಯೂ ತಿರುಗಿಸಿರಲಿಲ್ಲ. ಏನೆಂದು ಮಾತು ಸುರುಮಾಡುವುದು? ಮಗಳನ್ನು ಕೊಡದಿದ್ದದ್ದು ತಪ್ಪಾಯಿತು ಎನ್ನಲು ಅವಳು ತಯಾರಿರಲಿಲ್ಲ, ಅದು ಬಿಟ್ಟು ಬೇರೆ ಮಾತೇ ಇರಲಿಲ್ಲ. ಈಗ ಒಂದು ಮಾತು ಸಿಕ್ಕಿತ್ತು. ಸುಳ್ಳಿನದೇ ಇರಲಿ.

ದಾರಿಯುದ್ದಕ್ಕೂ ಶಿವಪ್ಪ ಎರಡು ಹೆಜ್ಜೆ ಹಿಂದೆಯೇ ಬಂದ. ಅಂಗಡಿಯ ಗಾಜಿನ ಡಬ್ಬಿಯೊಳಗೆ ಅವಳೊಬ್ಬಳೇ ಹೋಗಿ ಬಾಗಿಲೆಳೆದುಕೊಂಡಳು. ಅವನು ಹೊರಗೆ ನಿಂತು ಬೆವರಿದ.

ಒಂದು ಎಳೆಯ ದನಿ ಫೋನೆತ್ತಿತು. "ಯಾರು?"

"ನಾ... ಪುಣೇದಾಕಿ ಅಂತ ಹೇಳವ್ವಾ."

"ಮುತ್ಯಾ! ಪುಣೇದಾಕಿ ಅಂತ!" ಆ ಕೂಗಿನ ಹಿಂದೆ ಜೋಕಾಲಿಯ ಹುಡುಗಿಯರ ಕೇಕೆ ಕೇಳುತ್ತಿತ್ತು. ತಮ್ಮನಿಗೆ ಮೊಮ್ಮಗಳು ಹುಟ್ಟಿ, ಮಾತು ಕಲಿತು, ಫೋನೆತ್ತುವಷ್ಟು ದೊಡ್ಡವಳಾಗಿದ್ದಳು. ಸಾವಂತ್ರವ್ವ ಅವಳ ಹೆಸರನ್ನೂ ಅರಿಯಳು.

ಯಾರೋ ರಿಸೀವರ್ ತೆಗೆದುಕೊಂಡರು. ಉಸಿರು ಕೇಳಿತು.

"ಬಸೂ," ಎಂದಳು. ಮನೆಯಿಂದ ಹತ್ತು ಸಲ ಹೇಳಿಕೊಂಡು ಬಂದ ಮಾತು ಒಂದೇ ಉಸಿರಿಗೆ ಬಂತು. "ನೀ ಕಳಿಸಿದ ಸಸಿ ಮುಟ್ಟತಪಾ. ಅದನ್ನ ಹೇಳಾಕ ಮಾಡಿದೆ."

ಯಾವ ಸಸಿ ಎಂದು ಈಗ ಕೇಳುತ್ತಾನೆ. ಕೇಳಿದರೆ ಏನು ಹೇಳಬೇಕೆಂದು ಅವಳು ಯೋಚಿಸಿಯೇ ಇರಲಿಲ್ಲ. ಜೋಕಾಲಿಯ ಹಗ್ಗ ಕಿರುಗುಟ್ಟುವುದು ಒಂದು ಸಲ ಅತ್ತ, ಒಂದು ಸಲ ಇತ್ತ ಕೇಳಿತು. ಇಷ್ಟಕ್ಕೇ ಫೋನಿಟ್ಟುಬಿಡಲೇ ಎನಿಸಿತು.

ಬಸವಪ್ರಭು ಗಂಟಲು ಸರಿಮಾಡಿಕೊಂಡ. "ಆಳ ತೋಡಿ ಹಚ್ಚೀರಿಲ್ಲೋ?"

ಸಾವಂತ್ರವ್ವ ಗೋಡೆಗೆ ಒರಗಿದಳು. "ಹ್ಞೂನಪಾ. ಮೊಣಕಾಲಮಟ ತೋಡ್ಯಾರ ನಿಮ್ಮ ಭಾವಾ."

"ಆತು." ಆಮೇಲೆ ಸೇರಿಸಿದ. "ದಿನಾ ನೀರ ಹಾಕಬ್ಯಾಡಕ್ಕಾ. ಬೇರು ಕೊಳೀತಾವ."

ಫೋನಿಟ್ಟ ಸದ್ದು ಕೇಳಿತು. ಯಾವ ಗಿಡ ಎಂದು ಅವನು ಕೇಳಲಿಲ್ಲ. ಹಬ್ಬಕ್ಕೆ ಬಾ ಎಂದೂ ಅನ್ನಲಿಲ್ಲ. ಎಂಟು ವರ್ಷದ ಮೇಲೆ ಅಕ್ಕಾ ಎಂದಿದ್ದ. ಅವಳು ರಿಸೀವರನ್ನು ಕಿವಿಗೆ ಒತ್ತಿ ಹಿಡಿದೇ ಇದ್ದಳು.

ಹೊರಗೆ ಬಂದಾಗ ಶಿವಪ್ಪನ ಮುಖದಲ್ಲಿ ಜೀವವೇ ಇರಲಿಲ್ಲ. "ಏ... ಏನಂದಾ?"

"ಆಳ ತೋಡಿ ಹಚ್ಚೀರಿಲ್ಲೋ ಅಂದ."

"ಹಂಗಂದ್ನಾ?" ಶಿವಪ್ಪ ಬಾಯಿ ತೆರೆದವನು ಮುಚ್ಚಲಿಲ್ಲ. "ಬಸವಪ್ರಭು? ಹಂಗಂದಾ ಅಂವಾ?"

"ಮತ್ತ? ಕಳಿಸಿದಾಂವಗ ಅಷ್ಟೂ ಕಾಳಜಿ ಇರಂಗಿಲ್ಲೇನ್ರಿ?"

ಅವಳು ಮುಂದೆ ನಡೆದಳು. ಹೆದ್ದಾರಿ ದಾಟುವಲ್ಲಿ ನಿಲ್ಲಬೇಕಾಯಿತು. ಸಾತಾರದ ಕಡೆಗೆ ಹೊರಟ ಒಂದು ಕೆಂಪು ಬಸ್ಸು ಅವರೆದುರೇ ನಿಧಾನಿಸಿತು. ಹಣೆಯ ಮೇಲೆ ಕನ್ನಡದಲ್ಲಿ ಹುಬ್ಬಳ್ಳಿಯ ಹೆಸರು. ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತ, ಹತ್ತುತ್ತೀರಾ ಎಂಬಂತೆ ಅವಳ ಹೊಸ ಸೀರೆಯ ಕಡೆ ನೋಡಿದ. ಅವಳು ಇಲ್ಲವೆಂದು ತಲೆಯಾಡಿಸಿದಳು. ಬಸ್ಸು ಘಾಟಿನ ತಿರುವಿನಲ್ಲಿ ಮರೆಯಾದ ಮೇಲೂ, ರಸ್ತೆ ಖಾಲಿಯಿದ್ದರೂ, ಅವಳು ದಾಟದೆ ನಿಂತೇ ಇದ್ದಳು. ಶಿವಪ್ಪ ಪಕ್ಕದಲ್ಲಿ ಬಂದು ನಿಂತ. ಅವನೂ ಆ ತಿರುವಿನ ಕಡೆಗೇ ನೋಡಿದ.